ಮೆಣಸಿನಪುಡಿ ಕುಡಿದ ಅಂಬಾಸಡರ್

ಹಾವೇರಿ ಜಿಲ್ಲೆಯಾದ ವರ್ಷದ ದೀಪಾವಳಿಗೆ ಮೋಟೆಬೆನ್ನೂರಿನ ಅಂದಾನೆಪ್ಪ ಬ್ಯಾಡಗಿಯ ದಲಾಲರೊಬ್ಬರ ಹಳೆಯ ಬಿಳಿ ಅಂಬಾಸಡರ್ ಕೊಂಡ. ಕಾರಿನ ಮೂತಿಗೆ ವಿಭೂತಿ ಹಚ್ಚಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಹೊರಟರೆ ದೇವರು ಕಾಯುತ್ತಾನೆ ಎಂಬುದು ಅವನ ನಂಬಿಕೆ. ದೇವರು ಕಾಯುತ್ತಲೇ ಇದ್ದ. ಕಾರು ಮಾತ್ರ ಹತ್ತು ಮೈಲಿಗೊಮ್ಮೆ ಕುದಿಯುತ್ತಿತ್ತು.

ಒಮ್ಮೆ ಅದು ಕುದಿಯಬಾರದ ಜಾಗದಲ್ಲಿ ಕುದಿಯಿತು. ಬಸುರಿ ಮಗಳು ಸುಶೀಲವ್ವನ ಕುಬಸಕ್ಕೆಂದು ಗಂಡ ಹೆಂಡತಿ ಸೀರೆ, ರವಿಕೆಯ ಕಣ, ಬುತ್ತಿ ತುಂಬಿಕೊಂಡು ಕುಪ್ಪೇಲೂರಿಗೆ ಹೋಗಿದ್ದರು. ಬೀಗರ ಬಾಗಿಲ ಮುಂದೆಯೇ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಸುಶೀಲವ್ವನ ಅತ್ತೆ ಫಕ್ಕೀರವ್ವ ಹೊಸ್ತಿಲಲ್ಲೇ ನಿಂತು ನೋಡಿದಳು.

"ಬೀಗರ, ನಾವು ಮನ್ಯಾಗ ಚಹಾ ಇಟ್ಟೀವಿ. ನೀವ್ಯಾಕ ಗಾಡ್ಯಾಗ ಕುದಸಾಕತ್ತೀರಿ?"

ನೆರೆದವರು ನಕ್ಕರು, ಅಂದಾನೆಪ್ಪನೂ ನಕ್ಕ. ಆದರೆ ಹೊರಡುವಾಗ ಅವಳು ಆಡಿದ ಮಾತು ನಗುವಂಥದ್ದಾಗಿರಲಿಲ್ಲ.

"ಬಸ್ಸಿನ ಕುಲುಕಾಟ ಈಕೀಗೆ ಬ್ಯಾಡ. ಬಾಡಗಿ ಗಾಡಿಯವರನ್ನ ನಾ ನಂಬೂದಿಲ್ಲ. ಈ ನಿಮ್ಮ ಗಾಡಿ ಕುದೀಲಾರದಂಗ ಮಾಡಿಕೊಂಡು ಅಮಾಸಿ ಒಳಗ ಬರ್ರಿ, ಕಳಸ್ತೇನಿ. ಅಮಾಸಿ ಆತಂದ್ರ ದಿನಾ ತುಂಬತಾವ. ಬಾಣಂತನ ಇಲ್ಲೇ."

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅಂದಾನೆಪ್ಪನ ಹೆಂಡತಿ ಶಾರದವ್ವ ಆಗಲೇ ತೊಟ್ಟಿಲಿಗೆ ಎಣ್ಣೆ ಹಚ್ಚಿಟ್ಟಿದ್ದಳು, ಹಳೆಯ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿಟ್ಟಿದ್ದಳು. ಈಗ ಅಷ್ಟೂ ಈ ಕಾರಿನ ಮೇಲೆ ನಿಂತಿತು.

ಅಮಾವಾಸ್ಯೆ ನಾಳೆ ಎನ್ನುವ ದಿನ ಇಬ್ಬರೂ ಬೆಳಿಗ್ಗೆಯೇ ಹೊರಟರು. ರಾಣೇಬೆನ್ನೂರು ಕಣ್ಣಿಗೆ ಕಂಡಿತು, ಕಾರಿನ ಕಾವಿನ ಮುಳ್ಳು ಏರಿತು, ಹಬೆ ಎದ್ದಿತು. ಅಂದಾನೆಪ್ಪ ಶಿವಶಿವಾ ಎನ್ನುತ್ತ ಇಳಿಜಾರಿನಲ್ಲಿ ಉರುಳಿಸಿಕೊಂಡು ಬಂದು ಜಹಾಂಗೀರನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಜಹಾಂಗೀರ ಅವನ ಟ್ರ್ಯಾಕ್ಟರನ್ನೂ ನೋಡುತ್ತಿದ್ದ ಮೇಸ್ತ್ರಿ.

"ಮುಚ್ಚಳಾ ಮುಟ್ಟಬ್ಯಾಡ್ರಿ ಕಾಕಾ. ಈಗ ತೆಗದ್ರ ಮಾರಿ ಸುಟ್ಟು ಹೋಗತೈತಿ. ಅದು ಆರಲಿ, ನೀವೂ ಆರ್ರಿ."

ಎಂಜಿನ್ನು ತಣ್ಣಗಾದ ಮೇಲೆ ಜಹಾಂಗೀರ ರೇಡಿಯೇಟರಿನ ಮುಚ್ಚಳವನ್ನು ಬಟ್ಟೆ ಹಿಡಿದು ತಿರುಗಿಸಿದ, ಬಗ್ಗಿ ಮೂಸಿದ, ಸೀನಿದ. ಮತ್ತೆ ಸೀನಿದ. ಏನಾಯಿತೆಂದು ಹತ್ತಿರ ಬಂದ ಶಾರದವ್ವನೂ ಸೀನಿದಳು.

"ಕಾಕಾ, ಇದು ರೇಡಿಯೇಟರೋ, ಸಾರಿನ ಗಡಗಿಯೋ?"

ಅಂದಾನೆಪ್ಪ ಆಕಾಶ ನೋಡಿದ. "ಸೋರಾಕತ್ತಿತ್ತಪಾ. ಲಾರಿಯವ ಒಬ್ಬ ಹೇಳಿದ, ಅರಿಷಿಣ ಹಾಕಿದ್ರ ತೂತು ಮುಚ್ಚತೈತಿ ಅಂತ. ಅರಿಷಿಣ ಹಾಕೂ ಜಾಗಾದಾಗ ನಮ್ಮ ಹೊಲದ್ದ ಮೆಣಸಿನಪುಡಿ ಹಾಕಿದೆ. ಚಲೋ ಕಾಯಿ, ಸ್ವಂತ ಬೆಳದದ್ದು."

"ಡಬ್ಬಿ ಬರಿದಾಗಿತ್ತು. ನಾ ಇಲಿ ಅಂದ್ಕೊಂಡಿದ್ದೆ," ಎಂದಳು ಶಾರದವ್ವ.

"ನಸೀಬ, ಬ್ಯಾಡಗಿ ಕಾಯಿ," ಜಹಾಂಗೀರ ಕಣ್ಣೊರೆಸಿಕೊಂಡ. "ಖಾರದ ಜಾತಿ ಆಗಿದ್ರ ನನ್ನ ದವಾಖಾನಿಗೆ ಹೊರಬೇಕಿತ್ತು."

ಪುಡಿ ಮೊದಮೊದಲು ತೂತನ್ನು ಮುಚ್ಚಿದ್ದು ನಿಜ. ಆಮೇಲೆ ಒಳಗಿನ ಸಣ್ಣ ಕೊಳವೆಗಳಲ್ಲೂ ಕೂತಿತ್ತು. ಅದರ ಜೊತೆಗೆ ಮೋಟೆಬೆನ್ನೂರಿನ ಬೋರಿನ ನೀರು ಬಿಳಿ ಕಿಟ್ಟ ಕಟ್ಟಿತ್ತು. ಜಹಾಂಗೀರ ರೇಡಿಯೇಟರ್ ಬಿಚ್ಚಿ, ನೀರು ಹಾಯಿಸಿ ಹಾಯಿಸಿ ತೊಳೆದು, ತೂತಿಗೆ ಬೆಸುಗೆ ಹಾಕಲು ಕುಳಿತ. ಎಂಜಿನ್ನಿನ ಮೇಲೆ ಉಕ್ಕಿ ಒಣಗಿದ ಕೆಂಪು ಹಕ್ಕಳೆಯನ್ನು ತೋರಿಸಿ, "ಇದನ್ನ ಇನ್ನೊಂದಿನ ತೊಳಿತೇನಿ. ಈಗ ನಿಮಗ ಹೊತ್ತಾಗತೈತಿ," ಎಂದ.

ಅಷ್ಟರಲ್ಲಿ ಅಂದಾನೆಪ್ಪ ಪಕ್ಕದ ಅಂಗಡಿಯಿಂದ ಎಂಜಿನ್ ತಣ್ಣಗಿಡುವ ಕೂಲೆಂಟಿನ ಡಬ್ಬಿ ಹಿಡಿದುಕೊಂಡು ಬಂದ. ಒಳಗಿನ ಎಣ್ಣೆಯಂಥ ದ್ರವ ಮಾಣಿಕ್ಯದಂತೆ ಕೆಂಪಗಿತ್ತು.

"ಹಸರದೂ ಇತ್ತು. ನಾ ಕೆಂಪಂದ ಆರಿಸಿದೆ. ನಮ್ಮೂರ ಬಣ್ಣ."

"ಕಾಕಾ, ಇದು ಸೀರಿ ಅಂಗಡಿ ಅಲ್ಲ," ಜಹಾಂಗೀರ ಡಬ್ಬಿ ತಿರುಗಿಸಿ ಓದಿದ. "ಈ ಕೆಂಪಂದ ಹೊಸಾ ನಮೂನಿ ಎಂಜಿನ್ನಿಗೆ. ಅಲ್ಲಿ ರೇಡಿಯೇಟರ್ ಬ್ಯಾರೆ ಧಾತು. ನಿಮ್ಮದು ಹಿತ್ತಾಳಿ, ತಾಮ್ರ, ಬೆಸಗಿ. ಇದಕ್ಕ ಆ ಹಸರದು ಆಗತೈತಿ, ಡಬ್ಬಿ ಮ್ಯಾಲೆ ಬರದೈತಿ. ಬಣ್ಣಾ ನೋಡಬ್ಯಾಡ್ರಿ, ಬರದದ್ದು ನೋಡ್ರಿ. ಎರಡೂ ಕೂಡಿಸೂದಂತೂ ಬ್ಯಾಡ, ಒಳಗ ಗಸಿ ಆಗತೈತಿ."

ಅಂದಾನೆಪ್ಪ ಕೆಂಪನ್ನು ಹಿಂದಕ್ಕೆ ಕೊಟ್ಟು ಹಸಿರನ್ನು ತಂದ. ಅದಕ್ಕೆ ಸಮಸಮ ನೀರು ಬೆರೆಸಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರು ಇದ್ದರೆ ಒಳ್ಳೆಯದಿತ್ತು, ಅಂಗಡಿಯಲ್ಲಿ ಅಂದು ತೀರಿತ್ತು.

"ನಮ್ಮ ಹಿತ್ತಲದಾಗ ಹೊಸಾ ಬೋರ್ ಹಾಕಿಸೇವಿ. ಸಿಹಿ ನೀರು," ಎಂದ ಜಹಾಂಗೀರ.

ಗ್ಯಾರೇಜಿನ ಹಿಂದೆಯೇ ಅವನ ಮನೆ. ಬಾಗಿಲಲ್ಲಿ ಜಪದ ತಸಬಿ ಹಿಡಿದು ಕೂತಿದ್ದ ತಾಯಿ ಬಿಸ್ಮಿಲ್ಲಾಬಿ ಮಣಿ ನಿಲ್ಲಿಸಿದಳು. "ಸಿಹಿ ಅಂದದ್ದು ನಿನ್ನ ನಾಲಿಗಿ. ಬ್ಯಾಳಿ ಏನ ಅಂತೈತಿ ಕೇಳೀಯೇನು?"

ಶಾರದವ್ವನಿಗೆ ಕೂಡಲೇ ತಿಳಿಯಿತು. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದನ್ನು ಸೊಸೆಯಾಗಿ ಬಂದ ಮೊದಲ ವಾರವೇ ಕಲಿತವಳು ಅವಳು. "ಖರೇ ಐತ್ರಿ ಅಕ್ಕಾರ. ಬ್ಯಾಳಿಗೆ ಆಗಲಾರದ ನೀರು ಗಾಡಿಗೂ ಆಗೂದಿಲ್ಲ. ನಮ್ಮನಿ ಗಡಗಿಗೂ ಅದ ಬಿಳಿ ಕಿಟ್ಟ ಕೂಡತೈತಿ."

ಬೆಸುಗೆ ಆರುವವರೆಗೆ ಹೇಗೂ ಕಾಯಬೇಕಿತ್ತು. ಇಬ್ಬರು ತಾಯಂದಿರೂ ಎರಡು ಒಲೆ ಹೊತ್ತಿಸಿದರು. ಒಂದು ಪಾತ್ರೆಗೆ ಹೊಸ ಬೋರಿನ ನೀರು, ಇನ್ನೊಂದಕ್ಕೆ ಹಂಡೆಯಲ್ಲಿ ತುಂಬಿಟ್ಟ ಹೊಳೆಯ ನಳದ ನೀರು, ಎರಡಕ್ಕೂ ಅದೇ ಬೇಳೆ. ಬೇಯುವ ತನಕ ಅವರು ಮಕ್ಕಳ ಬಗ್ಗೆ, ಬಾಣಂತಿಯ ಖಾರದ ಬಗ್ಗೆ, ಸುಮ್ಮನೆ ಕುಳಿತ ಗಂಡಸರ ಬಗ್ಗೆ ಮಾತಾಡಿದರು. ಬೇಯುವ ಬೇಳೆಯ ಮುಂದೆ ಕೂತರೆ ಮನಸ್ಸು ಯಾಕೋ ಗುಡಿಯಲ್ಲಿ ಕೂತ ಹಾಗೆ ತಣ್ಣಗಾಗುತ್ತದೆ.

ಬೋರಿನ ನೀರಿನ ಬೇಳೆ ಕಲ್ಲಿನಂತೆ ಕಟಕಟ ಎಂದಿತು. ಹೊಳೆಯ ನೀರಿನದು ಬೆರಳಿಗೆ ಬೆಣ್ಣೆಯಾಯಿತು. ಜಹಾಂಗೀರ ಹಂಡೆಯ ನೀರನ್ನು ಸೋಸಿ ಅಳೆದ. ರೇಡಿಯೇಟರ್ ತುಂಬಿಸಿ, ಗಾಳಿ ಹೋಗುವ ತನಕ ಎಂಜಿನ್ ಓಡಿಸಿ, ಮುಚ್ಚಳ ಬಿಗಿದ. ಬೆಂದ ಬೇಳೆಗೆ ಬಿಸ್ಮಿಲ್ಲಾಬಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಡಬ್ಬಿಗೆ ಹಾಕಿದಳು. "ನಿನ್ನ ಮಗಳ ಬಾಯಿಗೆ. ಬಸರಿ ಜೀವ, ಏನ ಬೇಕನಸತೈತೋ ಏನೋ."

ಕುಪ್ಪೇಲೂರು ಮುಟ್ಟುವವರೆಗೂ ಮುಳ್ಳು ಜಪಕ್ಕೆ ಕೂತವರಂತೆ ಅಲುಗಲಿಲ್ಲ.

ಫಕ್ಕೀರವ್ವ ಅಷ್ಟಕ್ಕೇ ನಂಬುವವಳಲ್ಲ. "ಗಾಡಿ ಬಂದ್ ಮಾಡಬ್ಯಾಡ್ರಿ ಬೀಗರ. ಉಣ್ಣೂತನಾ ಹಂಗ ಓಡಲಿ, ನೋಡೂಣು." ಕಾರು ಬಾಗಿಲಲ್ಲಿ ಗುರುಗುಟ್ಟುತ್ತ ನಿಂತಿತು. ಒಳಗೆ ಶಾವಿಗೆ ಪಾಯಸ, ಮೇಲೆ ತುಪ್ಪ. ಅಂದಾನೆಪ್ಪ ಪ್ರತಿ ತುತ್ತಿಗೂ ಬಾಗಿಲ ಕಡೆ ನೋಡಿದ. ಹಬೆ ಏಳಲಿಲ್ಲ.

"ಆತು. ಕರಕೊಂಡು ಹೋಗ್ರಿ," ಎಂದಳು ಫಕ್ಕೀರವ್ವ. ಸೊಸೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಕೈ ಹಿಡಿದು ಕಾರಿನಲ್ಲಿ ಕೂಡ್ರಿಸಿದಳು. ಕಡೆಯದಾಗಿ ಒಮ್ಮೆ ಎಂಜಿನ್ ನೋಡಬೇಕೆಂದಳು. ಅಂದಾನೆಪ್ಪ ಬಾನೆಟ್ ಎತ್ತಿದ. ಅವಳು ಬಗ್ಗಿದಳು, ಸೀನಿದಳು.

ಒಂದೇ ಸೀನು.

ಹೊರಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಈ ಕಡೆ ಬಸುರಿಯನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಹೊತ್ತು ಇಳಿಯುತ್ತಿತ್ತು, ನಾಳೆ ಅಮಾವಾಸ್ಯೆ. ಶಾರದವ್ವನ ಕಣ್ಣು ತುಂಬಿತು. ಫಕ್ಕೀರವ್ವನ ಮುಖವೂ ಸಣ್ಣದಾಯಿತು, ಅಪಶಕುನ ತನ್ನ ಮೂಗಿನಿಂದಲೇ ಬಂದಿತ್ತಲ್ಲ.

ಅಂದಾನೆಪ್ಪ ಬಿಸಿ ಎಂಜಿನ್ನಿನ ಮೇಲಿನ ಕೆಂಪು ಹಕ್ಕಳೆಯನ್ನು ನೋಡಿದ, ಬೀಗತಿಯನ್ನು ನೋಡಿದ. ಕೈ ಮುಗಿದು ಹೇಳಿದ: "ಯವ್ವಾ, ಇನ್ನೊಮ್ಮೆ ಬಗ್ಗಿ, ಉದ್ದಕ್ಕ ಉಸರ ತಗೋರಿ."

"ಯಾಕ?"

"ತಗೋರಿ, ಹೇಳತೇನಿ."

ಫಕ್ಕೀರವ್ವ ಬಗ್ಗಿ ಉಸಿರೆಳೆದಳು. ಮೂಗು ಅರಳಿತು, ಕಣ್ಣು ಮುಚ್ಚಿದವು, ಎರಡನೆಯ ಸೀನು ಓಣಿಗೆಲ್ಲ ಕೇಳುವಂತೆ ಬಂತು.

"ಜೋಡಿ ಆತು, ದೋಷ ಹೋತು," ಎಂದಳು ಕಾರಿನೊಳಗಿಂದ ಸುಶೀಲವ್ವ. ಅವಳು ಅಂದು ಆಡಿದ ಮೊದಲ ಮಾತು ಅದು.

ಮೆಣಸಿನಪುಡಿಯ ಕತೆಯನ್ನು ಶಾರದವ್ವ ಹೇಳಿದಾಗ ಫಕ್ಕೀರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದಕ್ಕ ಅಂದೆ, ಗಾಡ್ಯಾಗ ಅಡಿಗಿ ಮಾಡತೀರಿ ಅಂತ. ಹೋಗಿ ಬರ್ರಿ. ಶಿವಾ ಅದಾನ. ಆ ಹಕ್ಕಳೀ ಮಾತ್ರ ತೊಳೀಬ್ಯಾಡ್ರಿ, ಕೂಸಿನ ಕರಕೊಂಡು ಬರೂ ಮುಂದೂ ಬೇಕಾಗತೈತಿ."

ಕಾರು ಊರು ದಾಟಿತು. ಹಿಂದಿನ ಸೀಟಿನಲ್ಲಿ ಸುಶೀಲವ್ವ ಡಬ್ಬಿ ಬಿಚ್ಚಿ, ಬೆಣ್ಣೆಯಂಥ ಬೇಳೆಯನ್ನು ಬೆರಳಿನಿಂದ ತಿನ್ನುತ್ತಿದ್ದಳು. ಅಂದಾನೆಪ್ಪ ಮುಳ್ಳಿನ ಕಡೆ ನೋಡುವುದನ್ನು ಮರೆತಿದ್ದ.