ಬಾಣಂತಿ ಹಕ್ಕಿಗಳು

ನನ್ನ ಗೌಜಲಕ್ಕಿಗಳು ನನಗಿಂತ ಮೊದಲೇ ತವರು ಸೇರಿದವು. ನಾನು ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಗೆ ಮಲಗಿದ ದಿನವೇ ನನ್ನ ಗಂಡ ಹುಲುಗೇಶ್ ಮೊಟ್ಟೆಗೆಂದು ಸಾಕಿದ್ದ ಆ ಏಳೂ ಹಕ್ಕಿಗಳ ಪಂಜರವನ್ನು ಆಟೋದಲ್ಲಿಟ್ಟು ಕಮಲಾಪುರಕ್ಕೆ ಸಾಗಿಸಿಬಿಟ್ಟಿದ್ದ. ಉಕ್ಕಿನ ಕಾರ್ಖಾನೆಯಲ್ಲಿ ಅವನದು ಶಿಫ್ಟ್ ಕೆಲಸ. ನಾನಿಲ್ಲದಿದ್ದರೆ ಅವನಿಗೇ ಯಾರಾದರೂ ಕಾಳು ಹಾಕಬೇಕು, ಇನ್ನು ಹಕ್ಕಿಗೆ ಅವನೆಲ್ಲಿ ಹಾಕುತ್ತಾನೆ?

ಹೆಣ್ಣುಮಗು ಹುಟ್ಟಿತು. ನಾನು ಮಗುವಿನೊಂದಿಗೆ ತವರಿಗೆ ಬಂದೆ. ಬಂದ ಗಳಿಗೆಯಿಂದ ಅಜ್ಜಿಯ ಕೈದಿಯಾದೆ.

ಅಜ್ಜಿ ಎಂದರೆ ನಮ್ಮಪ್ಪನ ತಾಯಿ ಭೀಮಮ್ಮ. ನಮ್ಮ ಕೇರಿಯ ಅರ್ಧ ಜನ ಕೂಸಾಗಿದ್ದಾಗ ಅವಳ ಕಾಲ ಮೇಲೆ ಮಲಗಿ ನೀರು ಎರೆಸಿಕೊಂಡವರೇ. ಬಾಣಂತಿ ಕೋಣೆಯ ಕಿಟಕಿಯ ಸಂದುಗಳಿಗೆಲ್ಲ ಅವಳು ಹಳೆ ಬಟ್ಟೆ ತುರುಕಿದ್ದಳು. ನನ್ನ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಮಣ್ಣಿನ ಬೋಗುಣಿಯಲ್ಲಿ ಕೆಂಡ. ದಿನಕ್ಕೆ ಎರಡು ಸಲ ಕೆಂಡದ ಮೇಲೆ ಲೋಬಾನ, ಓಂಕಾಳು, ಬಳ್ಳೊಳ್ಳಿ ಸಿಪ್ಪೆ ಸುರಿದು ಕೋಣೆ ತುಂಬ ಹೊಗೆ ಹಾಕುತ್ತಿದ್ದಳು. ಮಗುವನ್ನು ಆ ಹೊಗೆಯ ಮೇಲೆ ಹಿಡಿದು ಮೂರು ಸುತ್ತು ತಿರುಗಿಸುತ್ತಿದ್ದಳು. ಮಗು ಕೆಮ್ಮುತ್ತಿತ್ತು. ಹತ್ತನೆಯ ದಿನದ ಹೊತ್ತಿಗೆ ಅದರ ಎದೆಯಲ್ಲಿ ಗೊರಗೊರ ಸದ್ದು ಶುರುವಾಯಿತು.

“ಹೊಗಿ ಹಾಕಬ್ಯಾಡ್ರಿ ಅಂತ ದವಾಖಾನ್ಯಾಗ ನರ್ಸಮ್ಮ ಹೇಳ್ಯಾಳ, ಅಜ್ಜಿ.”

“ಆಕಿ ಎಷ್ಟು ಕೂಸಿಗೆ ಎರದಾಳಂತ? ನಿಮ್ಮಪ್ಪಗ ಹಾಕೀನಿ, ನಿನಗ ಹಾಕೀನಿ. ಸತ್ತೀ ಏನು?”

ಅವ್ವನ ಕಡೆ ನೋಡಿದೆ. ನಮ್ಮವ್ವ ದುರ್ಗಕ್ಕ ಗದ್ದೆಯಲ್ಲಿ ಹತ್ತು ಗಂಡಸರಿಗೆ ಜೋರು ಮಾಡುವ ಹೆಂಗಸು, ಅತ್ತೆಯ ಮುಂದೆ ಮಾತ್ರ ಬಾಯಿ ಬಿಡುವವಳಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಹಸಿ ಬಾಣಂತಿಯ ಸಿಟ್ಟಿಗೆ ಬೆಲೆ ಎಲ್ಲಿದೆ? ಮಗುವಿನ ಉಸಿರನ್ನು ಎಣಿಸುತ್ತ ಮಲಗಿರುತ್ತಿದ್ದೆ.

ಹೀಗಿರುವಾಗ ಹಕ್ಕಿಗಳು ಮೊಟ್ಟೆ ನಿಲ್ಲಿಸಿದವು. ಹೊಸಪೇಟೆಯಲ್ಲಿ ದಿನಕ್ಕೆ ನಾಲ್ಕೈದು ಇಡುತ್ತಿದ್ದವು, ಇಲ್ಲಿ ಒಂದಕ್ಕೆ ಇಳಿದು ಕೊನೆಗೆ ಅದೂ ಇಲ್ಲ. ನಮ್ಮ ಕಡೆ ಚಳಿ ಎಂದರೆ ಬೇರೆ ಊರಿನವರು ನಗುತ್ತಾರೆ. ಆದರೆ ಪುಷ್ಯಮಾಸದಲ್ಲಿ, ನೀರು ನಿಂತ ಗದ್ದೆಗಳ ಮೇಲಿಂದ ಬೆಳಗಿನ ಜಾವ ಬರುವ ಗಾಳಿಗೆ ಮೂಳೆ ನಡುಗುತ್ತದೆ. ಗೌಜಲಕ್ಕಿ ಬರೀ ಚಳಿಗೆ ಹೆದರುವುದಿಲ್ಲ, ಅದಕ್ಕೆ ಆಗದಿರುವುದು ಬೀಸುಗಾಳಿ ಮತ್ತು ತೇವ. ಪಂಜರದ ಮೂರು ಕಡೆ ಗೋಣಿಚೀಲ ಕಟ್ಟಿ ನಾಲ್ಕನೆಯ ಕಡೆ ಗಾಳಿಗೆ ತೆರೆದು ಬಿಡಬೇಕು. ಕೆಳಗೆ ಹಾಕಿದ ಭತ್ತದ ಹೊಟ್ಟು ಒದ್ದೆಯಾದ ಕೂಡಲೇ ಬದಲಿಸಬೇಕು, ಇಲ್ಲದಿದ್ದರೆ ಹಿಕ್ಕೆಯ ಘಾಟು ಏರಿ ಅವುಗಳ ಉಸಿರು ಕೆಡುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಮೊದಲ ಚಳಿಗಾಲದಲ್ಲಿ ಎರಡು ಹಕ್ಕಿ ಕಳೆದುಕೊಂಡು ಕಲಿತದ್ದು.

“ಹಗಲು ಸಣ್ಣದಾಗೈತಿ, ಅದಕ್ಕ ಮೊಟ್ಟಿ ಇಡವಲ್ವು. ಬೆಳಕು ಹರಿಯಾಕ ಮುಂಚೆ ಪಂಜರದ ಹತ್ರ ಒಂದು ಸಣ್ಣ ಬಲ್ಬ್ ಹಚ್ಚು ಅಜ್ಜಿ,” ಎಂದೆ.

ಅಜ್ಜಿ ಬಿದ್ದು ಬಿದ್ದು ನಕ್ಕಳು. “ದಿನಾ ಹಡಿಯೋವು ಅಂದ್ರ ಅವೂ ಬಾಣಂತ್ಯಾರ ಅಲ್ಲೇನ್ಲೇ? ಬಾಣಂತಿಗೆ ಲೈಟ್ ಯಾರ ಹಚ್ತಾರ! ಬೆಚ್ಚಗ ಇಡಬೇಕು. ನನಗ ಬಿಡು.”

ಒಪ್ಪಿಕೊಳ್ಳಲೇಬೇಕು, ಅಜ್ಜಿಯ ಕೈಯಲ್ಲಿ ಏನೋ ಇತ್ತು. ನಾನು ಬಾಗಿಲು ತೆರೆದರೂ ಈ ಹಕ್ಕಿಗಳು ಬೆದರಿ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತಿದ್ದವು. ಅಜ್ಜಿ ಎರಡೇ ದಿನದಲ್ಲಿ ಪಂಜರದ ಒಳಗೆ ಚಾವಣಿಯ ಕೆಳಗೆ ಹಳೆ ಸೀರೆಯೊಂದನ್ನು ಜೋಲಿಯಂತೆ ಕಟ್ಟಿದಳು, ಹಾರಿದರೂ ತಲೆಗೆ ಪೆಟ್ಟಾಗಬಾರದೆಂದು. ಸಜ್ಜೆ ನುಚ್ಚು ಮಾಡಿ ಹಾಕಿದಳು, ನೀರನ್ನು ಉಗುರು ಬೆಚ್ಚಗೆ ಮಾಡಿ ಇಟ್ಟಳು. ತಟ್ಟೆಯಲ್ಲಿ ಬೂದಿ ಇಟ್ಟರೆ ಅವು ಅದರಲ್ಲಿ ಹೊರಳಾಡುವುದನ್ನು ನೋಡಿ, “ಇವಕ್ಕ ಎರಿಯೋದು ಭಾಳ ಸುಲಭ,” ಎಂದು ಖುಷಿಪಟ್ಟಳು. ಪಡಸಾಲೆಯಿಂದ ಅವುಗಳ ಗುರ್ ಗುರ್ ಮಾತು ನನಗೆ ಕೇಳುತ್ತಿತ್ತು. ಅವು ಅಷ್ಟು ನೆಮ್ಮದಿಯಾಗಿದ್ದದ್ದನ್ನು ನಾನು ಹೊಸಪೇಟೆಯಲ್ಲಿ ಕೇಳಿರಲಿಲ್ಲ.

ಹದಿನೆಂಟನೆಯ ದಿನ ಸಂಜೆಗೇ ಗಾಳಿ ಎದ್ದಿತು. ಅಜ್ಜಿ ಕೌದಿ ತಂದು ಪಂಜರದ ನಾಲ್ಕೂ ಕಡೆ ಸುತ್ತಿ, ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿದಳು. ಕೆಳಗೆ ಒಂದು ಬೋಗುಣಿ ಕೆಂಡ, ಮೇಲೊಂದು ಹಿಡಿ ಲೋಬಾನ. ವಾಸನೆ ನನ್ನ ಕೋಣೆಗೂ ಬಂತು.

“ಅಜ್ಜಿ, ಒಂದು ಕಡಿ ತಗದು ಬಿಡು! ಅವಕ್ಕ ಗಾಳಿ ಬೇಕು!”

“ಸುಮ್ನ ಮಲಗ, ತಲಿಗೆ ಗಾಳಿ ಹೊಡಿತೈತಿ.”

ನಾನು ಏಳಬಹುದಿತ್ತು. ಏಳಲಿಲ್ಲ. ಈಗಲೂ ಅದು ನನ್ನನ್ನು ತಿನ್ನುತ್ತದೆ.

ಬೆಳಿಗ್ಗೆ ಅವ್ವ ಕೂಗಿದ್ದು ಕೇಳಿ ಎಚ್ಚರವಾಯಿತು. ನಾಲ್ಕು ಸತ್ತಿದ್ದವು. ಉಳಿದ ಮೂರು ಕೊಕ್ಕು ತೆರೆದು ಬಾಲ ಕುಣಿಸುತ್ತ ಉಸಿರಿಗಾಗಿ ಒದ್ದಾಡುತ್ತಿದ್ದವು. ಅಜ್ಜಿ ಸತ್ತವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕೋಣೆಯ ಹೊಸ್ತಿಲಲ್ಲಿ ಬಂದು ಕೂತಳು.

“ಚಳಿಗೆ ಹೋದ್ವೇನೋ,” ಎಂದಳು.

ಹದಿನೆಂಟು ದಿನದಿಂದ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. “ಚಳಿಗಲ್ಲ, ನಿನ್ನ ಹೊಗಿಗೆ! ಉಸುರು ಕಟ್ಟಿ ಸತ್ತಾವು. ಬಾಯಿ ನೋಡು ಅವುಗಳ್ದು. ನನ್ನ ಕೂಸಿಗೂ ಹಿಂಗ ಮಾಡಾಕತ್ತೀ, ಇಲ್ಲೇ ಐತಿ, ಕೇಳು ಅದರ ಎದಿ!”

ಅವ್ವ ಬೆಚ್ಚಿಬಿದ್ದಳು. ಅಜ್ಜಿ ಒಂದು ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ತೆರೆದ ಕೊಕ್ಕನ್ನು ಬೆರಳಿಂದ ಮುಚ್ಚಿದಳು. ಅದು ಮತ್ತೆ ತೆರೆದುಕೊಂಡಿತು. ಇನ್ನೊಮ್ಮೆ ಮುಚ್ಚಿದಳು. ಆಮೇಲೆ ಎದ್ದು, ಹೊರಸಿನ ಕೆಳಗಿನ ಬೋಗುಣಿ ಎಳೆದು ಹಿತ್ತಲಿಗೆ ಒಯ್ದು ನೀರು ಸುರಿದಳು. ಬಂದು ಕಿಟಕಿಯ ಬಟ್ಟೆಗಳನ್ನು ಒಂದೊಂದಾಗಿ ಕಿತ್ತಳು. ಬದುಕಿದ ಮೂರು ಹಕ್ಕಿಗಳಿಗೆ ಮೂರೇ ಕಡೆ ಗೋಣಿ ಕಟ್ಟಿದಳು.

ನಾನು ಗೆದ್ದೆ ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾಲ್ಕು ಹಕ್ಕಿ ಸತ್ತ ದಿನ ನಾನು ಮಗುವನ್ನು ಎದೆಗೊತ್ತಿಕೊಂಡು ಹಗುರಾಗಿ ಮಲಗಿದೆ.

ಮಧ್ಯಾಹ್ನ ಅಜ್ಜಿ ಉಣ್ಣಲಿಲ್ಲ. ನನ್ನ ಹೊರಸಿನ ಪಕ್ಕ ನೆಲದ ಮೇಲೆ ಬಂದು ಕೂತಳು.

“ನಿಮ್ಮಪ್ಪಗಿಂತ ಮುಂಚೆ ನನಗೊಂದು ಗಂಡುಕೂಸು ಇತ್ತು. ನಿನಗ ಯಾರೂ ಹೇಳಿರ್ಲಿಕ್ಕಿಲ್ಲ.”

ಇಲ್ಲವೆಂದೆ.

“ಹತ್ತೊಂಬತ್ತು ದಿನ ಇತ್ತು. ಇಂಥದ್ದ ಚಳಿ. ಎದಿ ಗೊರಗೊರ ಅಂತಿತ್ತು, ನಾನು ಇನ್ನಷ್ಟು ಹೊಗಿ ಹಾಕ್ದೆ. ಮುಂಜಾನೆ ನೋಡಿದ್ರ ಬಾಯಿ ಹಿಂಗ ತಗದಿತ್ತು. ಮುಚ್ಚಿದ್ರ ಮುಚ್ಚವಲ್ದು.” ಅವಳು ನನ್ನ ಮುಖ ನೋಡಿದಳು. “ನೀ ಓದಿದಾಕಿ. ಹೇಳು. ಹೊಗಿಗೇ ಹೋತೇನು?”

ಬೆಳಿಗ್ಗೆಯ ನನ್ನ ನಾಲಿಗೆ ಎಲ್ಲಿ ಹೋಯಿತೋ. “ಅದು ಬ್ಯಾರೆ ಇರಬೇಕು ಅಜ್ಜಿ. ಆಗಿನ ಕಾಲದಾಗ ಏನೇನೋ ಜಡ್ಡು ಇದ್ವು.”

“ಮುಂಜಾನೆ ಅಂದದ್ದು ಖರೆ. ಈಗ ಅಂದದ್ದು ಸುಳ್ಳು,” ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಆಗ ನಾ ಎಲ್ಲಾರ ಮುಂದೂ ವಿರುಪಕ್ಕನ ಕಣ್ಣು ಬಿತ್ತು ಅಂದೆ,” ಎಂದಳು.

ವಿರುಪಮ್ಮ ಅಜ್ಜಿಯ ನೆಗೆಣ್ಣಿ, ನಮ್ಮಜ್ಜನ ಅಣ್ಣನ ಹೆಂಡತಿ. ಮಕ್ಕಳಿಲ್ಲದವಳು. ಗಂಡ ತೀರಿದ ಮೇಲೆ ಕಂಪ್ಲಿಯಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ನನ್ನ ಮದುವೆಗೂ ಬಂದು ದೂರದಲ್ಲಿ ಕೂತು, ಆಶೀರ್ವಾದದ ಅಕ್ಕಿಕಾಳು ಹಾಕದೆ ಉಂಡು ಹೋದವಳು. ಅವಳದು ಒಂಥರಾ ಸ್ವಭಾವ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಅಂದು ಆ ಕೂಸು ಸಾಯುವ ಹಿಂದಿನ ದಿನ ಅವಳು ಅದನ್ನು ಎತ್ತಿಕೊಂಡು ಆಡಿಸಿದ್ದಳಂತೆ. ಅಷ್ಟೇ ಅವಳು ಮಾಡಿದ್ದು. ಆಮೇಲೆ ಐವತ್ತೆರಡು ವರ್ಷ ಈ ಮನೆಯ ಯಾವ ಮಗುವನ್ನೂ ಯಾರೂ ಅವಳ ಕೈಗೆ ಕೊಡಲಿಲ್ಲ.

ಮರುದಿನ ಅಜ್ಜಿ ಮೊದಲ ಬಸ್ಸಿಗೇ ಕಂಪ್ಲಿಗೆ ಹೊರಟಳು. ಅವ್ವ ಜೊತೆಗೆ ಬರುತ್ತೇನೆಂದರೂ ಬೇಡವೆಂದಳು. ಹೊತ್ತು ಇಳಿಯುವಾಗ ಇಬ್ಬರು ಮುದುಕಿಯರು ಆಟೋದಿಂದ ಇಳಿದರು. ವಿರುಪಮ್ಮನಿಗೆ ಎಂಬತ್ತರ ಹತ್ತಿರ, ನಡು ಬಾಗಿದೆ. ನನ್ನ ಕೋಣೆಯ ಬಾಗಿಲವರೆಗೂ ಬಂದವಳು ಮಗು ಅತ್ತ ಸದ್ದಿಗೆ ಅಲ್ಲೇ ನಿಂತಳು. ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು.

“ಹೊರಗ ಕುಂದರ್ತೀನಿ ಭೀಮಿ. ಎಳೇ ಕೂಸು. ನನ್ನ ಕಣ್ಣು ಚಲೋ ಅಲ್ಲ.”

ಅವಳ ಮಾತಿನಲ್ಲಿ ನಿಷ್ಠುರ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳೂ ಅದನ್ನು ನಂಬಿಬಿಟ್ಟಿದ್ದಳು.

ಅಜ್ಜಿ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು. ವಿರುಪಮ್ಮನ ಪಕ್ಕ ಕಷ್ಟಪಟ್ಟು ಕೂತಳು.

“ನಿನ್ನ ಕಣ್ಣಲ್ಲಕ್ಕ. ನನ್ನ ಹೊಗಿ.”

ಬಸ್ಸಿನಲ್ಲಿ, ಆಟೋದಲ್ಲಿ ದಾರಿಯುದ್ದಕ್ಕೂ ಇದನ್ನೇ ಹೇಳಿದ್ದಳೋ, ಈಗಲೇ ಹೇಳಿದಳೋ ನಾನು ಕೇಳಲಿಲ್ಲ. ಅಜ್ಜಿ ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. ವಿರುಪಮ್ಮನ ಎರಡೂ ಕೈ ತಾವಾಗಿಯೇ ಬಂದು ಮಗುವಿನ ತಲೆ, ಬೆನ್ನು ಹಿಡಿದವು. ಹಿಡಿಯುವುದು ಹೇಗೆಂದು ಮರೆತಿರಲಿಲ್ಲ.

“ನೋಡಕ್ಕ,” ಎಂದಳು ಅಜ್ಜಿ.

ವಿರುಪಮ್ಮ ಸೆರಗು ಸರಿಸಿದಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಮಗುವಿಗೆ ಮತ್ತೆ ಹಸಿವಾಗಿ ಅದು ಅಳುವವರೆಗೂ ತೊಡೆ ತೂಗುತ್ತಲೇ ಕೂತಿದ್ದಳು, ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ.