ಮಖಮಲ್ ಸುರಂಗ

ಕೊನೆಯ ಬೋಗಿಯೂ ಸುರಂಗದೊಳಗೆ ಹೋಯಿತು, ಇನ್ನು ಆ ಕಡೆ ಎಂಜಿನ್ನಿನ ಮೂತಿ ಕಾಣಬೇಕು, ಕಾಣುತ್ತದೆ, ಹೆಬ್ಬೆರಳುದ್ದದ ಎಂಜಿನ್ನಿಗೆ ಇಷ್ಟು ಹೊತ್ತು ಬೇಕೇ — ಒಳಗಿನಿಂದ ಗುಂಯ್ ಎನ್ನುವ ಸದ್ದೊಂದೇ, ಮೂತಿ ಇಲ್ಲ, ದರ್ಜಿ ಸ್ವಿಚ್ಚು ಆರಿಸಿದ, ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿ ಈಗ ಬಂದುಬಿಡುತ್ತಾಳೆ, ಮೊದಲ ಪೂರ್ತಿ ಸುತ್ತು ಅವಳೆದುರೇ ಓಡಬೇಕೆಂದು ತಾನೇ ಕೂಗಿ ಕರೆದದ್ದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನೂ ಹಳಿಯನ್ನು ಬೈದ, ಚಕ್ರವನ್ನು ಬೈದ, ಆದರೂ ಸಿಟ್ಟು ಬರಲಿಲ್ಲ, ಈ ಆಟದ ರೈಲಿನ ಮೇಲೆ ಸಿಟ್ಟೇ ಬರುವುದಿಲ್ಲ, ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಹಿಡಿದ ಇದೊಂದು ಕೆಲಸಕ್ಕೆ ಇವತ್ತಾದ್ರೂ ಕೊಡ್ತೀರಾ ಮಾಸ್ಟ್ರೇ ಅಂತ ಯಾರೂ ಬಾಗಿಲಲ್ಲಿ ನಿಲ್ಲುವುದಿಲ್ಲ, ವೈರು ಬೆಸೆಯುವಾಗ ಬೆರಳು ಸುಟ್ಟುಕೊಂಡರೂ ಹಿತವೇ, ಅರವತ್ತಕ್ಕೆ ಅರಳುಮರಳು, ನಿಮಗೆ ಸರಿಯಾದ ಟೈಮಿಗೆ ಬಂತು ನೋಡಿ ಅಂದವಳೇ ಊಟದ ಮೇಜನ್ನು ಖಾಲಿ ಮಾಡಿಕೊಟ್ಟಳು, ಗುಡ್ಡಕ್ಕೆ ಬಳಿದ ಹಸಿರು ಬಣ್ಣ ಪಾಚಿಯಂತಾದಾಗ ಅವನಿಗೆ ಆ ಹಸಿರು ಮಖಮಲ್ ಕೋಟು ನೆನಪಾಗಿತ್ತು, ಮದುವೆಯಾದ ಹೊಸತರಲ್ಲಿ ಅವಳಿಗೆ ಹೊಲಿದ ಮೊದಲ ಬಟ್ಟೆ, ಊರಿನವರಿಗೆಲ್ಲ ಟೇಪು ಹಿಡಿದವನು ಸ್ವಂತ ಹೆಂಡತಿಯ ತೋಳಿಗೆ ಹಿಡಿಯಲು ನಾಚಿ ಕಣ್ಣಳತೆಯಲ್ಲೇ ಕತ್ತರಿಸಿದ್ದ, ತನ್ನ ಕೈಯಿಂದ ಅದಕ್ಕಿಂತ ಚೆಂದದ್ದು ಬಂದಿಲ್ಲ, ನುಸಿಗುಳಿಗೆ ಹಾಕಿ ಇಟ್ಟಿದ್ದಾಳೆ, ಕೇಳಿದರೆ ಬೈಯುತ್ತಾಳೆಂದು ಹೆದರುತ್ತಲೇ ಕೇಳಿದ, ತಕ್ಷಣ ಕೊಟ್ಟುಬಿಟ್ಟಳಲ್ಲ, ಕೋಟಿನ ಮೈ ಗುಡ್ಡವಾಯಿತು, ತಂತಿಬಳೆ ತೊಟ್ಟ ತೋಳು ಸುರಂಗವಾಯಿತು, ಎಂಜಿನ್ನು ನೇರ ನಿಲ್ಲಿಸಿ ಅಳೆದಾಗ ಒಂದು ಬೆರಳು ಸಡಿಲವೇ ಇತ್ತು — ಅಯ್ಯೋ, ನೇರ ನಿಲ್ಲಿಸಿ, ಹಳಿ ತಿರುಗುವುದು ನಡುವೆ, ಮೊಣಕೈಯ ಜಾಗದಲ್ಲಿ, ಉದ್ದದ ಬೋಗಿ ತಿರುವಿನಲ್ಲಿ ಹೊಟ್ಟೆ ಚಾಚದೆ ಇರುತ್ತದೆಯೇ, ಮಡಚುವ ಕಡೆ ಸಡಿಲ ಬಿಡಬೇಕೆಂದು ಎಷ್ಟು ಜನ ಕಲಿಯುವವರಿಗೆ ಬೈದಿದ್ದಾನೆ, ಈಗ ರೈಲು ಹೊರಗೆ ಬರಬೇಕೆಂದರೆ ತೋಳು ಕತ್ತರಿಸಬೇಕು, ಕತ್ತರಿಯೇನೋ ಕೈಯಲ್ಲಿದೆ, ಇದನ್ನು ಕತ್ತರಿಸಲು ಮನಸ್ಸು ಬರುತ್ತಿಲ್ಲ.

ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು, ಬಗ್ಗಿ ಸುರಂಗದೊಳಗೆ ಇಣುಕಿದಳು, ಮೊಣಕೈ ಹತ್ರ ತಾನೇ, ಹೂಂ ಅಂದ, ಕತ್ತರಿಸ್ರೀ, ನಂಗೂ ಅಲ್ಲೇ ಹಿಡೀತಿತ್ತು ಅಂದಳು. ಹೊಲಿಗೆಯ ಮೇಲೆ ಕತ್ತರಿ ಕಚ್ಚನೆ ಓಡಿತು, ಅವಳೇ ಸ್ವಿಚ್ಚು ಒತ್ತಿದಳು, ಮೂತಿ ಬಂತು, ಬೋಗಿಗಳು ಬಂದವು, ನಿಲ್ದಾಣ ದಾಟಿ ಮತ್ತೆ ಒಳಗೆ ಹೋಗಿ ಮತ್ತೆ ಬಂದವು, ಅವಳು ನಗುತ್ತಿದ್ದಾಳೆ, ಅವನಿಗೆ ಸಂತೋಷವೋ ನಾಚಿಕೆಯೋ, ಎರಡೂ, ಕೋಟು ಹೊಲಿದ ಆ ವರ್ಷ ಚಳಿಗಾಲವೆಲ್ಲ ಮಧ್ಯಾಹ್ನ ಅಂಗಡಿ ಬೀದಿಯ ತುದಿಯಲ್ಲಿ ಬರುತ್ತಿದ್ದಳು, ಹಸಿರು ತೋಳು, ಊಟದ ಕ್ಯಾರಿಯರು, ಕೋಲಿನಂತೆ ನೆಟ್ಟಗಿನ ಕೈ, ಏನು ಗತ್ತು ನನ್ನ ಹೆಂಡತಿಯದು ಎಂದು ಹೊಲಿಗೆ ನಿಲ್ಲಿಸಿ ನೋಡುತ್ತಿದ್ದ, ಗತ್ತಂತೆ ಗತ್ತು, ಒಂದು ದಿನವೂ ಬಾಯಿಬಿಡಲಿಲ್ಲವಲ್ಲ — ರೈಲು ಇನ್ನೊಂದು ಸುತ್ತು ಬಂತು, ಅವನು ನೋಡಲಿಲ್ಲ, ಬೀದಿಯ ತುದಿ, ಹಸಿರು ತೋಳು, ಕ್ಯಾರಿಯರು, ಮಡಚದ ಆ ಕೈ.