ದುರ್ಗಪ್ಪನ ಎಣಿಕೆ

ಅಣ್ಣಪ್ಪ ಮಾಸ್ತರರಿಗೆ ಆ ಶನಿವಾರ ನಿವೃತ್ತಿ. ಮೂಡಲಗಿಯ ಸಾಲೆಯಲ್ಲಿ ಮೂವತ್ತು ವರ್ಷ ಕರಿಹಲಗೆಯ ಮೇಲೆ ವಿಮಾನದ ರೆಕ್ಕೆ ಬರೆದು ತೋರಿಸಿದವರು, ಒಂದನ್ನೂ ಹಾರಿಸಿರಲಿಲ್ಲ. ಹೋಗುವ ಮೊದಲು ಹಾರಿಸಬೇಕೆಂಬುದೊಂದೇ ಅವರ ಹಟ. ೧೯೬೮ರ ಮಾತು.

ಗೋಕಾಕದಲ್ಲಿ ಯಾರದೋ ಯಂತ್ರದ ಪೆಟ್ಟಿಗೆಯೊಳಗೆ ಬಂದಿದ್ದ ಥರ್ಮೋಕೋಲಿನ ಎರಡು ಹಲಗೆಗಳನ್ನು ಅವರು ಬೇಡಿ ತಂದಿದ್ದರು. ಹಲಗೆಯ ಎರಡೂ ತುದಿಗೆ ರೆಕ್ಕೆಯ ಆಕಾರದ ತಗಡು. ಕರೆಂಟಿನ ಒಲೆಯ ತಂತಿಯನ್ನು ಬಿಲ್ಲಿಗೆ ಬಿಗಿದು, ಥರ್ಮೋಕೋಲು ಕರಗಿ ಕೊಯ್ಯುವಷ್ಟು ಮೋಟಾರಿನ ಬ್ಯಾಟರಿಯಿಂದ ಕಾಯಿಸಿ, ಇಬ್ಬರು ಆಚೆ ಈಚೆ ಹಿಡಿದು ತಗಡಿನ ಅಂಚಿನ ಮೇಲೆ ಎಳೆಯಬೇಕು. ತಗಡುಗಳ ಮೇಲೆ ಹತ್ತು ಹತ್ತು ಗೆರೆ. ಪ್ರತಿ ಗೆರೆಯನ್ನೂ ಇಬ್ಬರೂ ಒಟ್ಟಿಗೇ ಮುಟ್ಟಬೇಕು. ಮಾಸ್ತರರು ಒಂದು ತುದಿ, ಸಾಲೆಯ ಸಿಪಾಯಿ ದುರ್ಗಪ್ಪ ಇನ್ನೊಂದು. ವಿಜ್ಞಾನದ ಶಿಕ್ಷಕಿ, ಸಾಲೆಯವರೆಲ್ಲ 'ಬಾಯಾರು' ಎನ್ನುತ್ತಿದ್ದ ನಾನು, ಬ್ಯಾಟರಿಯ ಹತ್ತಿರ.

ಗುರುವಾರ ಮಾಸ್ತರರು ಒಂದು, ಎರಡು ಎಂದು ಎಣಿಸುತ್ತ ಎಳೆದರು. ಹತ್ತು ಮುಗಿದಾಗ ರೆಕ್ಕೆ ಹಿಂಡಿದ ಬಟ್ಟೆಯಂತೆ ತಿರುಚಿತ್ತು.

ಮೂವರೂ ನೆಲದ ಮೇಲೆ ಕುಳಿತುಬಿಟ್ಟೆವು. ಸುಟ್ಟ ವಾಸನೆಗೆ ತಲೆ ಸಿಡಿಯುತ್ತಿತ್ತು. ಉಳಿದದ್ದು ಒಂದೇ ಹಲಗೆ.

"ನನ್ನ ಕೈ ನಡಗಿತೋ ದುರ್ಗಪ್ಪಾ. ವಯಸ್ಸಾತು," ಎಂದರು ಮಾಸ್ತರರು. ಅವರ ಕೈ ನಡುಗಿರಲಿಲ್ಲ, ನಾನು ನೋಡಿದ್ದೆ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ದುರ್ಗಪ್ಪನಿಗೆ ಕೊಟ್ಟರು. ಅವನಿಗೆ ಉಳಿದವರು ಕೊಡುವ ಹಾಗೆ ಕಾಗದದ ಮೇಲಿಟ್ಟು ಸರಿಸಲಿಲ್ಲ, ಕೈಗೇ ಕೊಟ್ಟರು.

ದುರ್ಗಪ್ಪ ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದರಲ್ಲಿ ತಿರುಚಿದ ರೆಕ್ಕೆ ಎತ್ತಿ ನೋಡಿದ.

"ನಿಮ್ಮ ಕೈ ನಡಗಿಲ್ರಿ ಮಾಸ್ತರ. ನೀವು 'ಒಂದು' ಅನ್ನೂದ್ರಾಗ ಗೆರಿ ಮುಟ್ಟಿರ್ತೀರಿ. ನಾ ಅಂದಮ್ಯಾಲೆ ಹೊಂಡ್ತೇನಿ. ನಮ್ಮೂರ ತುಕ್ಕಾನಟ್ಟ್ಯಾಗ ಕಾಳಿನ ರಾಶಿ ಅಳದ ರೂಢಿ ನೋಡ್ರಿ. ಸೇರು ತುಂಬಾಕ ಹತ್ತಿದಾಗ ಎಣಿಕಿ ಹಿಡಿತೇವಿ, ತುಂಬೂತನಕ ಬಿಡಂಗಿಲ್ಲ."

"ಮೊದಲ ಯಾಕ ಹೇಳಲಿಲ್ಲೋ?"

"ಮಾಸ್ತರಗ ಎಣಿಕಿ ಕಲಸೂದೇನ್ರಿ?"

"ಕಲಸಪ್ಪಾ. ಇನ್ನೆರಡ ದಿನ ಐತಿ ನೌಕರಿ, ಕಲತೇ ಹೊಕ್ಕೇನಿ. ಬಾಯಾರ, ನೀವೂ ಕಲೀರಿ."

ನಗುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಆದರೂ ನಕ್ಕೆ.

ಶುಕ್ರವಾರ ಎಣಿಕೆ ದುರ್ಗಪ್ಪನದು. ರಾಶಿ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭಾ, ಲಾಭಾ, ಲಾಭಾ..." ಎಂದು ರಾಗವಾಗಿ ಹಿಡಿದ, ಆ ರಾಗದ ಉದ್ದಕ್ಕೂ ತಂತಿ ಸರಿಯಿತು. ಗೆರೆ ಮುಟ್ಟಿದಾಗ "ಎರಡೂ, ಎರಡೂ..." ಮಾಸ್ತರರು ವಿದ್ಯಾರ್ಥಿಯ ಹಾಗೆ ಅವನ ಬಾಯಿಯನ್ನೇ ನೋಡುತ್ತ ಎಳೆದರು.

ರೆಕ್ಕೆ ಕೈಗೆ ಬಂತು. ಮಾಸ್ತರರು ಒಂದು ಕಣ್ಣು ಮುಚ್ಚಿ ಕಿಟಕಿಗೆ ಹಿಡಿದು ನೋಡಿದರು. ತಿರುಚಿರಲಿಲ್ಲ. "ಹಾರಸೂದು ನಾಳಿಗೆ. ಇವತ್ತ ಸಾಕಾಗೇತಿ," ಎಂದು ಅಲ್ಲಿಯೇ ಬೆಂಚಿನ ಮೇಲೆ ಅಡ್ಡಾದರು. ದುರ್ಗಪ್ಪ ಸದ್ದಾಗದಂತೆ ಬಾಗಿಲು ಎಳೆದು ಮುಂದೆ ಮಾಡಿದ.

ಶನಿವಾರ ಹಾರ ತುರಾಯಿ ಮುಗಿದ ಮೇಲೆ ಮಾಸ್ತರರು ಸಾಲೆಯ ಕಟ್ಟೆ ಹತ್ತಿ, ಬಿದಿರಿನ ಒಡಲಿಗೆ ಆ ರೆಕ್ಕೆ ಕಟ್ಟಿದ ವಿಮಾನವನ್ನು ಕೈಯಿಂದ ಬಿಟ್ಟರು. ದುರ್ಗಪ್ಪ ಎಣಿಕೆ ಹಿಡಿದು ಹಿಂದೆಯೇ ಓಡಿದ. ಅದು ಬಯಲು ದಾಟಿ ಮೆಣಸಿನ ಹೊಲದಲ್ಲಿ ಇಳಿಯಿತು.

"ಎಷ್ಟಾತೋ?" ಮಾಸ್ತರರು ಕಟ್ಟೆಯಿಂದಲೇ ಕೂಗಿದರು.

"ಎಂಟು ತುಂಬೇತ್ರಿ ಮಾಸ್ತರ. ಒಂಬತ್ತು ಅರ್ಧಾ ಆಗಿತ್ತು!"